ಮಳೆ ಮೇಲೆ, ನೀರು ಕೆಳಗೆ: ಒಂದು ಗ್ರಾಫ್ ಫಂಕ್ಷನ್ ಎಲ್ಲಿಗೆ ಸೇರಬೇಕು?

ಕೋಲಾರ ಜಿಲ್ಲೆಯ ವೀಕ್ಷಣಾ ಬಾವಿಗಳ ನೀರಿನ ಮಟ್ಟ ಮತ್ತು ಅದೇ ಹೋಬಳಿಯ ಮಳೆ, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸುವ ಗ್ರಾಫ್ ಬೇಕಿತ್ತು. ಮಳೆಯ ಕಂಬಗಳು ಮೇಲಂಚಿನಿಂದ ಕೆಳಕ್ಕೆ ಇಳಿಬಿದ್ದಿರಬೇಕು. ನೀರಿನ ಮಟ್ಟದ ಗೆರೆ ಅದರ ಕೆಳಗೆ, ಸೊನ್ನೆ ಮೇಲಿದ್ದು ಆಳ ಕೆಳಕ್ಕೆ ಹೆಚ್ಚುವಂತೆ ಓಡಬೇಕು. ಜಲವಿಜ್ಞಾನದವರಲ್ಲಿ ಇದು ಹಳೆಯ ರೂಢಿ. ಗ್ನೂ ಆಕ್ಟೇವ್ ಎಂಬ ಮುಕ್ತ ಗಣಿತ ತಂತ್ರಾಂಶದಲ್ಲಿ ಇದನ್ನು ಒಂದು ಫಂಕ್ಷನ್ ಆಗಿ ಬರೆದಾದ ಮೇಲೆ ಎದ್ದದ್ದು ಅಸಲಿ ಪ್ರಶ್ನೆ: ಇದನ್ನು ಬೇರೆಯವರಿಗೂ ಸಿಗುವಂತೆ ಎಲ್ಲಿಡುವುದು? ಆಕ್ಟೇವ್‌ನ ಕೋರ್‌ನಲ್ಲೋ (ಎಲ್ಲರಿಗೂ ಸಿಗುವ ಮೂಲ ತಂತ್ರಾಂಶ), ಈಗಾಗಲೇ ಇರುವ ಯಾವುದಾದರೂ ಪ್ಯಾಕೇಜಿನಲ್ಲೋ (ಬೇಕಾದವರು ಬೇರೆಯಾಗಿ ಸೇರಿಸಿಕೊಳ್ಳುವ ಕಟ್ಟು), ಹೊಸದೊಂದು ಪ್ಯಾಕೇಜ್ ಕಟ್ಟಿಯೋ, ಇಲ್ಲ ಪೈಥಾನ್ ಭಾಷೆಯ ಕಡೆಗೆ ಹೋಗಿ ಅದರ ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ಗೋ?

ಫಂಕ್ಷನ್ ಇಡಿಯಾಗಿ ಇರುವಷ್ಟು ಕಾಲ ಇದಕ್ಕೆ ಉತ್ತರ ಸಿಗುವುದಿಲ್ಲ. ಅದರ ಹೊಟ್ಟೆಯಲ್ಲಿ ಏನೇನಿದೆ ಎಂದು ಬಿಡಿಸಿ ನೋಡಿದರೆ ಮೂರು ಬೇರೆ ಬೇರೆ ಕೆಲಸಗಳು ಸಿಗುತ್ತವೆ, ಮತ್ತು ಮೂರೂ ಒಂದೇ ಜಾಗಕ್ಕೆ ಸೇರುವುದಿಲ್ಲ.

ಮೊದಲು ಗ್ರಾಫ್ ಸರಿಯಾಗಿ ಬರಲಿ

ಅಂತರ್ಜಲದ ಅಳತೆ ಮತ್ತು ಮಳೆಯ ಅಳತೆ ಒಂದೇ ಗತಿಯಲ್ಲಿ ಬರುವುದಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ, ಆಗಸ್ಟ್, ನವೆಂಬರ್. ಮಳೆಯ ಅಂಕಿ ದಿನಕ್ಕೊಂದು. ಇವೆರಡನ್ನೂ ಒಂದೇ ಕೋಷ್ಟಕಕ್ಕೆ ಹೊಂದಿಸಿ ನೀರಿನ ಮಟ್ಟ ಇಲ್ಲದ ದಿನಗಳಿಗೆ 'ನ್ಯಾನ್' (ಅಂಕಿ ಇಲ್ಲ ಎಂಬ ಗುರುತು) ತುಂಬುವುದು ಎಲ್ಲರ ಕೈಗೂ ಮೊದಲು ಬರುವ ದಾರಿ. ಹಾಗೆ ಮಾಡಿದರೆ ನೀರಿನ ಮಟ್ಟದ ಗೆರೆಯೇ ಕಾಣುವುದಿಲ್ಲ. ಪಕ್ಕಪಕ್ಕದಲ್ಲಿ ಎರಡು ಬಿಂದುಗಳಿದ್ದರೆ ಮಾತ್ರ ಅವುಗಳ ನಡುವೆ ಗೆರೆ ಬೀಳುತ್ತದೆ. ನ್ಯಾನ್‌ಗಳ ನಡುವೆ ಒಂಟಿಯಾಗಿ ಕೂತ ಬಿಂದು ಮಾರ್ಕರ್ ಇಲ್ಲದೆ ಅದೃಶ್ಯ. ಎರರ್ ಕೂಡ ಬರುವುದಿಲ್ಲ, ಖಾಲಿ ಗ್ರಾಫ್ ಬರುತ್ತದೆ. ಆದ್ದರಿಂದ ಫಂಕ್ಷನ್ ನಾಲ್ಕು ಆರ್ಗ್ಯುಮೆಂಟ್, ಅಂದರೆ ಹೊರಗಿನಿಂದ ಕೊಡುವ ಬೆಲೆಗಳನ್ನು, ತೆಗೆದುಕೊಳ್ಳಬೇಕು: ಮಳೆಯ ದಿನಾಂಕ, ಮಳೆ, ಮಟ್ಟದ ದಿನಾಂಕ, ಮಟ್ಟ. ಎರಡು ಸಮಯ ವೆಕ್ಟರ್‌ಗಳು ಬೇರೆ ಬೇರೆ ಉದ್ದದವಾಗಿದ್ದರೂ ಸರಿ ಎಂಬುದನ್ನು ಸಹಾಯ ಪಠ್ಯದ ಮೊದಲ ಸಾಲಿನಲ್ಲೇ ಹೇಳಿಬಿಡಬೇಕು.

ಇದಕ್ಕಿಂತ ಅಪಾಯದ್ದು ಒಣಗಿದ ಬಾವಿ. ಈ ಜಿಲ್ಲೆಯಲ್ಲಿ ತೆರೆದ ಬಾವಿಗಳು ಬತ್ತಿದ ದಾಖಲೆ ಬೇಕಾದಷ್ಟಿದೆ. ಅಂಥ ದಿನದ ಕಾಲಂನಲ್ಲಿ ಒಬ್ಬರು 'ಡ್ರೈ' ಎಂದು ಬರೆದಿರುತ್ತಾರೆ, ಇನ್ನೊಬ್ಬರು ಖಾಲಿ ಬಿಟ್ಟಿರುತ್ತಾರೆ, ಮತ್ತೊಬ್ಬರು 0 ಹಾಕಿರುತ್ತಾರೆ. ಆಳದ ಅಳತೆಯಲ್ಲಿ 0 ಎಂದರೆ ನೀರು ನೆಲಮಟ್ಟಕ್ಕೆ ಬಂದು ತುಳುಕುತ್ತಿದೆ ಎಂದರ್ಥ. ಗ್ರಾಫಿನಲ್ಲಿ ಬತ್ತಿದ ಬಾವಿ ತುಂಬಿದ ಬಾವಿಯಾಗಿಬಿಡುತ್ತದೆ. ಇದಕ್ಕೆ ಫಂಕ್ಷನ್ ತಾನೇ ಊಹೆ ಮಾಡಿ ಸೊನ್ನೆಗಳನ್ನು ಅಳಿಸುವುದು ಸರಿಯಲ್ಲ, ಏಕೆಂದರೆ ಕೆರೆ ಪಕ್ಕದ ಬಾವಿಯಲ್ಲಿ ಮಳೆಗಾಲದಲ್ಲಿ ನಿಜವಾಗಿಯೂ 0.3 ಮೀಟರ್ ಇರಬಹುದು, 0 ಕೂಡ ಇರಬಹುದು. ಬದಲಿಗೆ ಬಾವಿಯ ತಳದ ಆಳವನ್ನು ಐಚ್ಛಿಕ ಆರ್ಗ್ಯುಮೆಂಟ್ ಆಗಿ ಕೇಳಿ, ಬಳಸುವವರು 'ಒಣ' ಎಂದು ಗುರುತಿಸಿಕೊಟ್ಟ ದಿನಗಳಿಗೆ ತಳದ ಮಟ್ಟದಲ್ಲಿ ಕೆಳಮುಖ ತ್ರಿಕೋನ ಹಾಕುವುದು ಸರಿ. ಗೆರೆ ಅಲ್ಲಿ ತುಂಡಾಗಬೇಕು. ನೀರು ತಳಕ್ಕಿಂತ ಎಷ್ಟು ಕೆಳಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ತೆರೆದ ಬಾವಿಯನ್ನೂ ಆಳದ ಕೊಳವೆಬಾವಿಯನ್ನೂ ಒಂದೇ ಗೆರೆಯಲ್ಲಿ ಪೋಣಿಸಬಾರದು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮೊದಲನೆಯದು ಶಿಥಿಲಗೊಂಡ ಮೇಲ್ಪದರದ ನೀರು, ಎರಡನೆಯದು ಗಟ್ಟಿ ಬಂಡೆಯ ಬಿರುಕಿನ ನೀರು. ಆದರೆ ಅದನ್ನು ತಡೆಯುವುದು ಗ್ರಾಫ್ ಫಂಕ್ಷನ್ನಿನ ಕೆಲಸವಲ್ಲ.

ಮಳೆಯ ಕಂಬಗಳ ಕಡೆ ಬೇರೆ ತೊಂದರೆ. 10 ವರ್ಷದ ದಿನವಹಿ ಮಳೆ ಎಂದರೆ 3,650ಕ್ಕೂ ಹೆಚ್ಚು ಕಂಬ. ಚಿತ್ರದ ಅಗಲ 800 ಪಿಕ್ಸೆಲ್ ಆದರೆ ಒಂದು ಪಿಕ್ಸೆಲ್‌ಗೆ ನಾಲ್ಕೂವರೆ ಕಂಬ ಬೀಳುತ್ತವೆ. ಒಂದೇ ದಿನ ಸುರಿದ 90 ಮಿ.ಮೀ. ಮಳೆ ಮಸುಕಾಗಿ ಹೋಗಬಹುದು, ಜೂಮ್ ಮಾಡಿದಾಗೊಮ್ಮೆ ಕಂಡು ಇನ್ನೊಮ್ಮೆ ಕಾಣದಿರಬಹುದು. ತಿಂಗಳಿಗೆ ಕೂಡಿಸಿದರೆ 120 ಕಂಬ, ಸಾಕು. ಆಕ್ಟೇವ್‌ನ 'ಅಕ್ಯುಮ್‌ಅರ್ರೇ' ಒಂದೇ ಸಾಲಿನಲ್ಲಿ ಇದನ್ನು ಮಾಡುತ್ತದೆ. ಎಚ್ಚರ ಬೇಕಾದದ್ದು ಮಳೆಮಾಪಕ ಕೆಟ್ಟಿದ್ದ ದಿನಗಳ ವಿಷಯದಲ್ಲಿ. ನ್ಯಾನ್ ಹಾಗೇ ಕೂಡಿಸಿದರೆ ಒಂದು ದಿನದ ಕೊರತೆಗೆ ಇಡೀ ತಿಂಗಳು ಮಾಯ. ನ್ಯಾನ್ ಅನ್ನು 0 ಮಾಡಿದರೆ ಬಾರದ ಬರವನ್ನು ಬರೆದಂತೆ. ಮಧ್ಯದ ದಾರಿ: ತಿಂಗಳಲ್ಲಿ ಎಷ್ಟು ದಿನದ ಅಂಕಿ ಇಲ್ಲದಿದ್ದರೂ ಪರವಾಗಿಲ್ಲ ಎಂಬ ಮಿತಿಯನ್ನು ಬಳಸುವವರೇ ಕೊಡಲಿ, ಡೀಫಾಲ್ಟ್ 3 ಇರಲಿ, ಮಿತಿ ಮೀರಿದ ತಿಂಗಳಿಗೆ ಕಂಬದ ಬದಲು ಬೂದು ಬಣ್ಣದ ಪಟ್ಟಿ ಬರಲಿ. ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ ಎಂಬುದನ್ನೂ ಮರೆಯಬಾರದು. ಜೂನ್ 1ರ ಹೆಸರಿನಲ್ಲಿ ದಾಖಲಾದ ಮಳೆಯ ಹೆಚ್ಚಿನ ಪಾಲು ಮೇ 31ರಂದೇ ಬಿದ್ದಿರುತ್ತದೆ. ತಿಂಗಳ ಮೊತ್ತಕ್ಕೆ ಇದರಿಂದ ದೊಡ್ಡ ವ್ಯತ್ಯಾಸವಾಗದಿದ್ದರೂ ಬೇರೆ ಕಡೆಯ ಕೋಷ್ಟಕದ ಜೊತೆ ತಾಳೆ ನೋಡುವಾಗ ತಲೆ ತಿನ್ನುತ್ತದೆ.

ಈಗ ಚೌಕಟ್ಟು. ಕಂಬಗಳಿಗೆ ಮೇಲಿನ ಮೂರನೇ ಒಂದು ಭಾಗ ಸಾಕು. ಅದಕ್ಕೆ ಮಳೆಯ ವೈ ಅಕ್ಷವನ್ನು ತಲೆಕೆಳಗು ಮಾಡಿ, ಅಂದರೆ 'ವೈಡಿರ್' ಎಂಬ ಗುಣಕ್ಕೆ 'ರಿವರ್ಸ್' ಕೊಟ್ಟು, ಮಿತಿಯನ್ನು ಸೊನ್ನೆಯಿಂದ ಗರಿಷ್ಠ ಮಳೆಯ ಮೂರರಷ್ಟಕ್ಕೆ ಇಡಬೇಕು. ತಿಂಗಳ ಗರಿಷ್ಠ 250 ಮಿ.ಮೀ. ಇದ್ದರೆ ಮಿತಿ 0ಯಿಂದ 750. ಇಷ್ಟೇ ಮಾಡಿ ನಿಲ್ಲಿಸಿದ ಗ್ರಾಫ್ ನೀರು 30-40 ಮೀಟರ್ ಆಳದಲ್ಲಿರುವ ಬಾವಿಗಳಿಗೆ ಚೆನ್ನಾಗಿಯೇ ಬರುತ್ತದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಹಿಡಿದು ಒಂದೊಂದೇ ಕೆರೆ ತುಂಬುತ್ತಾ ಬಂದ ಮೇಲೆ ಅಂಥ ಕೆರೆಗಳ ಪಕ್ಕದ ಬಾವಿಯ ಗೆರೆ ಮೇಲೇರಿದರೆ, ನೇರವಾಗಿ ಮಳೆಯ ಕಂಬಗಳೊಳಗೆ ನುಗ್ಗುತ್ತದೆ. ಪರಿಹಾರ ಮಟ್ಟದ ಅಕ್ಷದಲ್ಲಿ ಮೇಲೆ ಜಾಗ ಬಿಡುವುದು: ಗರಿಷ್ಠ ಆಳ 30 ಮೀಟರ್ ಆದರೆ ಮಿತಿಯನ್ನು ಮೈನಸ್ 15ರಿಂದ 30ಕ್ಕೆ ಇಡಬೇಕು. ಒಟ್ಟು ಹರವು 45, ಅದರ ಮೂರನೇ ಒಂದು ಭಾಗ 15, ಸರಿಯಾಗಿ ಕಂಬಗಳ ಜಾಗ. ಋಣ ಆಳಕ್ಕೆ ಅರ್ಥವಿಲ್ಲದ್ದರಿಂದ ಅಕ್ಷದ ಗುರುತುಗಳು 0ಯಿಂದ 30ರವರೆಗೆ ಮಾತ್ರ ಇರಲಿ.

ಎರಡು ಅಕ್ಷಗಳ ಜೋಡಣೆಗೆ ಆಕ್ಟೇವ್‌ನ ಸಿದ್ಧ ಫಂಕ್ಷನ್ 'ಪ್ಲಾಟ್‌ವೈವೈ' ಕಣ್ಣಿಗೆ ಬೀಳುತ್ತದೆ. ಇಲ್ಲಿ ಎರಡು ಬದಿಯ ಸಮಯ ವೆಕ್ಟರ್, ಮಿತಿ, ಗುರುತು ಎಲ್ಲವನ್ನೂ ಪ್ರತ್ಯೇಕವಾಗಿ ಹಿಡಿಯಬೇಕಾದ್ದರಿಂದ ಕೈಯಿಂದಲೇ ಎರಡು ಅಕ್ಷ ಸೃಷ್ಟಿಸುವುದು ಸಲೀಸು. ಎರಡನೆಯದರ ಹಿನ್ನೆಲೆ ಬಣ್ಣಕ್ಕೆ 'ನನ್' ಕೊಡದಿದ್ದರೆ ಅದು ಮೊದಲನೆಯದನ್ನು ಮುಚ್ಚಿಬಿಡುತ್ತದೆ. ಅದರ ವೈ ಅಕ್ಷ ಬಲಕ್ಕೆ, ಎಕ್ಸ್ ಗುರುತುಗಳು ಖಾಲಿ. ಆಮೇಲೆ 'ಲಿಂಕ್‌ಆಕ್ಸಿಸ್' ಕರೆದು ಎಕ್ಸ್ ಮಾತ್ರ ಕಟ್ಟಬೇಕು, ಇಲ್ಲವಾದರೆ ಜೂಮ್ ಮಾಡಿದಾಗ ಮಳೆ ಒಂದು ವರ್ಷ, ನೀರು ಇನ್ನೊಂದು ವರ್ಷ ತೋರಿಸುತ್ತದೆ. ವರ್ಷದ ಗುರುತುಗಳನ್ನು ತಾನಾಗಿ ಹಾಕುವ 'ಡೇಟ್‌ಟಿಕ್'ಗೆ ಬಿಡದೆ ಪ್ರತಿ ಜೂನ್ 1ಕ್ಕೆ ನಾವೇ ಲೆಕ್ಕ ಹಾಕಿ ಇಡುವುದು ವಾಸಿ; ನಮ್ಮ ಜಲವರ್ಷ ಜೂನ್‌ನಿಂದ ಮೇವರೆಗೆ.

ತುಂಡು ಮಾಡಿ ನೋಡಿದರೆ

ಮೇಲಿನ ಕೆಲಸದಲ್ಲಿ ದಿನದ ಮಳೆಯನ್ನು ತಿಂಗಳಿಗೆ ಕೂಡಿಸುವುದು ಬರೀ ಲೆಕ್ಕ. ಅದಕ್ಕೆ ಗ್ರಾಫ್ ಎಂದರೇನೆಂದೇ ಗೊತ್ತಿರಬೇಕಿಲ್ಲ. ಇಳಿಬಿದ್ದ ಕಂಬ, ಒಣಬಾವಿಯ ತ್ರಿಕೋನ, ಜಲವರ್ಷದ ಗುರುತು, ಇವು ಬಾವಿಯ ವಿಷಯ ಬಲ್ಲವರದು. ಇನ್ನು ಕೆಲಸದ ನಡುವೆ ಎದುರಾದ ಅಕ್ಷ, ಫಾಂಟ್, ದಿನಾಂಕಗಳ ತೊಡಕುಗಳಿಗೆ ಬಾವಿಯೂ ಬೇಡ, ಮಳೆಯೂ ಬೇಡ. ಯಾರ ಗ್ರಾಫಿನಲ್ಲಾದರೂ ಬರುವಂಥವು. ಜಾಗ ನಿರ್ಧರಿಸಲು ಒಂದೇ ಪ್ರಶ್ನೆ ಸಾಕು: ಐದು ವರ್ಷದ ಮೇಲೆ ಇದು ಮುರಿದರೆ ರಿಪೇರಿ ಮಾಡಲು ಏನು ಗೊತ್ತಿರಬೇಕು? ಗ್ರಾಫಿಕ್ಸ್ ಮಾತ್ರ ಗೊತ್ತಿದ್ದರೆ ಸಾಕು ಎಂದಾದರೆ ಕೋರ್. ಬಾವಿಯೂ ಗೊತ್ತಿರಬೇಕು ಎಂದಾದರೆ ಪ್ಯಾಕೇಜ್.

ಕೋರ್ ನೋಡಿಕೊಳ್ಳುವ ಮೇಂಟೇನರ್‌ಗಳು ಜಿಪುಣರು ಎಂದು ಬೈಯುವವರಿದ್ದಾರೆ. ಅವರ ಕಡೆಯಿಂದ ನೋಡಿದರೆ ಬೈಗುಳ ನಿಲ್ಲುವುದಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ಒಳಗೇ ಒಂದು ಕಾಲಕ್ಕೆ ಷೇರು ದರದ ಕ್ಯಾಂಡಲ್ ಗ್ರಾಫ್ ಬಿಡಿಸುವ 'ಫೈನಾನ್ಸ್' ಮಾಡ್ಯೂಲ್ ಇತ್ತು. 2.2ನೇ ಆವೃತ್ತಿಗೆ ಅದನ್ನು ಕೋರ್‌ನಿಂದ ತೆಗೆದರು. ಈಗ ಅದು ಬೇರೆ ಪ್ಯಾಕೇಜ್. ನಕ್ಷೆ ಬಿಡಿಸುವ 'ಬೇಸ್‌ಮ್ಯಾಪ್' ಜಾಗಕ್ಕೆ 'ಕಾರ್ಟೊಪೈ' ಬಂದದ್ದೂ ಕೋರ್‌ನ ಹೊರಗೇ. ಒಂದು ವಿದ್ಯೆಗಷ್ಟೇ ಸೇರಿದ ಗ್ರಾಫನ್ನು ಕೋರ್‌ಗೆ ತುರುಕಿದರೆ ಇಂದಲ್ಲ ನಾಳೆ ಹೊರಬೀಳುತ್ತದೆ, ಆ ವೇಳೆಗೆ ಅದನ್ನು ನೆಚ್ಚಿಕೊಂಡವರ ಕೋಡ್ ಕೂಡ ಮುರಿಯುತ್ತದೆ.

ಆಕ್ಟೇವ್‌ನಲ್ಲಿ ಗಡಿ ಇನ್ನೂ ಸ್ಪಷ್ಟ. ಆಕ್ಟೇವ್ ಅನುಸರಿಸುವುದು ಮ್ಯಾಟ್‌ಲ್ಯಾಬ್ ಎಂಬ ವಾಣಿಜ್ಯ ತಂತ್ರಾಂಶವನ್ನು. ಅದರ ಮೂಲ ಉತ್ಪನ್ನದಲ್ಲಿರುವ ಫಂಕ್ಷನ್ ಆಕ್ಟೇವ್ ಕೋರ್‌ಗೆ ಸಹಜವಾಗಿ ಸಲ್ಲುತ್ತದೆ, ಬೇರೆಯಾಗಿ ಮಾರುವ ಟೂಲ್‌ಬಾಕ್ಸ್‌ನಲ್ಲಿರುವುದು ಪ್ಯಾಕೇಜಿಗೆ. 'ಬಾರ್', 'ಪೈ', 'ಹಿಸ್ಟ್' ಕೋರ್‌ನಲ್ಲಿವೆ. 'ಬಾಕ್ಸ್‌ಪ್ಲಾಟ್' ಸ್ಟಾಟಿಸ್ಟಿಕ್ಸ್ ಪ್ಯಾಕೇಜಿನಲ್ಲಿ, 'ಬೋಡೆ' ಕಂಟ್ರೋಲ್ ಪ್ಯಾಕೇಜಿನಲ್ಲಿ. ಕೋರ್‌ಗೇ ಕೊಡುಗೆ ಕೊಡಬೇಕೆಂಬ ಆಸೆಯಿದ್ದರೆ ಮೂಲದ 'ಸ್ಕ್ರಿಪ್ಟ್ಸ್' ಡೈರೆಕ್ಟರಿಯ 'ಹೆಲ್ಪ್' ವಿಭಾಗದಲ್ಲಿ 'ಅನ್‌ಇಂಪ್ಲಿಮೆಂಟೆಡ್' ಎಂಬ ಫೈಲ್ ತೆರೆಯಿರಿ. ಮ್ಯಾಟ್‌ಲ್ಯಾಬ್‌ನಲ್ಲಿದ್ದು ಇಲ್ಲಿ ಇನ್ನೂ ಬರೆಯದ ಹೆಸರುಗಳ ಪಟ್ಟಿ ಅದು. ಬರೆಯುವಾಗ ಮ್ಯಾಟ್‌ಲ್ಯಾಬ್‌ನ ಮೂಲ ಕೋಡ್ ತೆರೆದು ನೋಡಕೂಡದು, ದಾಖಲೆಯನ್ನಷ್ಟೇ ಓದಬೇಕು. ಮ್ಯಾಟ್‌ಲ್ಯಾಬ್‌ನ ಕೋಡ್ ಬೇರೆಯವರ ಸ್ವತ್ತು, ಆಕ್ಟೇವ್ ಇರುವುದು ಜಿಪಿಎಲ್ 3 ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ. ಆದ್ದರಿಂದ ಇದು ಬರೀ ಶಿಷ್ಟಾಚಾರವಲ್ಲ, ಹಕ್ಕುಸ್ವಾಮ್ಯದ ಪ್ರಶ್ನೆ.

ಕೋರ್‌ಗೆ ಒಂದು ಗ್ರಾಫ್ ಫಂಕ್ಷನ್ ಸೇರಿಸುವುದೆಂದರೆ ಐದು ಕಡೆ ಕೈ ಹಾಕುವುದು: 'ಪ್ಲಾಟ್' ಒಳಗಿನ 'ಡ್ರಾ' ಡೈರೆಕ್ಟರಿಯಲ್ಲಿ ಫಂಕ್ಷನ್ ಫೈಲ್, ಅಲ್ಲೇ ಇರುವ ಮಾಡ್ಯೂಲ್ ಮೇಕ್ ಫೈಲಿನಲ್ಲಿ ಅದರ ಹೆಸರು, ಕೈಪಿಡಿಯ ಪ್ಲಾಟ್ ಅಧ್ಯಾಯದಲ್ಲಿ ಒಂದು ಸಾಲು, ಮುಂದಿನ ಆವೃತ್ತಿಯ ನ್ಯೂಸ್ ಫೈಲಿನಲ್ಲಿ ಒಂದು ಸಾಲು, ಮತ್ತು ಅನ್‌ಇಂಪ್ಲಿಮೆಂಟೆಡ್ ಪಟ್ಟಿಯಿಂದ ಹೆಸರು ತೆಗೆಯುವುದು. ಮಾಡ್ಯೂಲ್ ಫೈಲ್ ಮರೆತರೆ ನಿಮ್ಮ ಯಂತ್ರದಲ್ಲಿ ಸರಿಯಾಗಿಯೇ ಓಡಬಹುದು, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಫಂಕ್ಷನ್ ಇರುವುದಿಲ್ಲ. ಹೊಸ ಫಂಕ್ಷನ್, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಮರ್ಕ್ಯುರಿಯಲ್‌ನ 'ಡೀಫಾಲ್ಟ್' ಶಾಖೆಗೆ ಹೋಗಬೇಕು. 'ಸ್ಟೇಬಲ್' ಇರುವುದು ದುರಸ್ತಿಗಳಿಗೆ.

ಇನ್ನು ಪೈಥಾನ್. ಅಂಕಿಗಳ ಲೆಕ್ಕಕ್ಕಿರುವ ನಮ್‌ಪೈ ಲೈಬ್ರರಿ ಗ್ರಾಫಿನ ಗೋಜಿಗೇ ಹೋಗಿಲ್ಲ. ವೈಜ್ಞಾನಿಕ ಲೆಕ್ಕಗಳ ಸೈಪೈ ಒಳಗೆ ಅಲ್ಲಲ್ಲಿ ಇದೆ: ವೊರೊನಾಯ್ ಚಿತ್ರ, ಡೆಂಡ್ರೊಗ್ರಾಂ, ಪ್ರಾಬ್‌ಪ್ಲಾಟ್. ಆದರೆ ಮ್ಯಾಟ್‌ಪ್ಲಾಟ್‌ಲಿಬ್ ಇಲ್ಲದೆಯೂ ಸೈಪೈ ಇನ್‌ಸ್ಟಾಲ್ ಆಗಬೇಕಾದ್ದರಿಂದ ಅದನ್ನು ಫಂಕ್ಷನ್ನಿನ ಒಳಗಡೆ ಮಾತ್ರ ಇಂಪೋರ್ಟ್ ಮಾಡುತ್ತಾರೆ. ಯಂತ್ರ ಕಲಿಕೆಯ ಸೈಕಿಟ್-ಲರ್ನ್ ಕೂಡ ಅದನ್ನೇ ಮಾಡುತ್ತದೆ. ಈ ಗ್ರಾಫಿನ ಪೈಥಾನ್ ರೂಪ ಬರೆದರೆ ಅಂತರ್ಜಲದ ಕಾಲಸರಣಿಗೆಂದೇ ಇರುವ 'ಪಾಸ್ತಾಸ್' ಥರದ ಲೈಬ್ರರಿಯ ಬಾಗಿಲು ತಟ್ಟುವುದು ಮ್ಯಾಟ್‌ಪ್ಲಾಟ್‌ಲಿಬ್ ಬಾಗಿಲು ತಟ್ಟುವುದಕ್ಕಿಂತ ಫಲಕಾರಿ. ಎಲ್ಲಿಗೆ ಕೊಟ್ಟರೂ ಫಂಕ್ಷನ್ ಅಕ್ಷವನ್ನು ಹೊರಗಿನಿಂದ ತೆಗೆದುಕೊಂಡು, ಬಿಡಿಸಿ, ವಾಪಸ್ ಕೊಡಬೇಕು. ಒಳಗೇ ಫಿಗರ್ ಸೃಷ್ಟಿಸಿ 'ಶೋ' ಕರೆಯುವ ಫಂಕ್ಷನ್ನನ್ನು ಎಲ್ಲೂ ಮುಟ್ಟುವುದಿಲ್ಲ.

ಕನ್ನಡ ಅಕ್ಷರದ ತೊಡಕು

ಬಾವಿಯ ಊರನ್ನು ಕನ್ನಡದಲ್ಲಿ ಬರೆದ ಕೂಡಲೇ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಖಾಲಿ ಚೌಕಗಳು ಬರುತ್ತವೆ. ಡೀಫಾಲ್ಟ್ ಫಾಂಟ್ ಆದ ಡೇಜಾವೂ ಸಾನ್ಸ್‌ನಲ್ಲಿ ಕನ್ನಡವಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿದರೆ ಅಕ್ಷರ ಬರುತ್ತದೆ, ಒತ್ತಕ್ಷರ ಕೂಡುವುದಿಲ್ಲ. 'ಚಿಕ್ಕಬಳ್ಳಾಪುರ' ಎಂಬುದು ಅರ್ಧಾಕ್ಷರಗಳ ಸಾಲಾಗಿ ಚದುರಿ ಬೀಳುತ್ತದೆ, ಏಕೆಂದರೆ 3.10ನೇ ಆವೃತ್ತಿಯವರೆಗಿನ ಆಗ್ ಬ್ಯಾಕೆಂಡ್ (ಚಿತ್ರವನ್ನು ಪಿಕ್ಸೆಲ್‌ಗಳಾಗಿ ಬಿಡಿಸುವ ಒಳಭಾಗ) ಫಾಂಟಿನಿಂದ ಒಂದೊಂದೇ ಅಕ್ಷರ ಎತ್ತಿ ಸಾಲಾಗಿ ಇಡುತ್ತದೆ, ಅಕ್ಷರಗಳನ್ನು ಬೆಸೆಯುವ ಕೆಲಸ ಅದರಲ್ಲಿಲ್ಲ. ಅಂಥ ಆವೃತ್ತಿಗಳಲ್ಲಿ ಇದಕ್ಕೆ ಎರಡು ದಾರಿ ಇವೆ. 'ಎಂಪಿಎಲ್‌ಕೈರೊ' ಎಂಬ ಇನ್ನೊಂದು ಬ್ಯಾಕೆಂಡ್‌ಗೆ ಅಕ್ಷರ ಬೆಸೆಯುವ ರಾಕ್ಮ್ ಲೈಬ್ರರಿ ಜೋಡಿಸಿದರೆ ಒತ್ತಕ್ಷರ ಕೂಡುತ್ತದೆ. ಇಲ್ಲವೇ ಬ್ರೌಸರ್ ತೆರೆಯಬಲ್ಲ ಎಸ್‌ವಿಜಿ ಚಿತ್ರವಾಗಿ ಉಳಿಸುವಾಗ 'ಫಾಂಟ್‌ಟೈಪ್' ಸೆಟ್ಟಿಂಗ್‌ಗೆ 'ನನ್' ಕೊಟ್ಟರೆ ಅಕ್ಷರಗಳು ಗೆರೆಗಳಾಗದೆ ಪಠ್ಯವಾಗಿಯೇ ಉಳಿಯುತ್ತವೆ, ತೆರೆದ ಬ್ರೌಸರ್ ಅವನ್ನು ಸರಿಯಾಗಿ ಕೂಡಿಸಿ ತೋರಿಸುತ್ತದೆ.

ಈ ಉಪಾಯಗಳಲ್ಲಿ ಯಾವುದನ್ನೂ ಗ್ರಾಫ್ ಫಂಕ್ಷನ್ನಿನೊಳಗೆ ಹಾಕಬಾರದು. ಕನ್ನಡದ ಶೀರ್ಷಿಕೆ ಬೇಕಾದವರು ಬಾವಿಯವರಷ್ಟೇ ಅಲ್ಲ, ಟೊಮೆಟೊ ದರದ ಗ್ರಾಫ್ ಹಾಕುವವರಿಗೂ ಇದೇ ಗೋಳು. ಇದು ಶುದ್ಧ ಕೋರ್ ವಿಷಯ. ಹತ್ತು ಸಾಲಿನ ಉದಾಹರಣೆ, ಬಂದ ಚಿತ್ರ, ಬರಬೇಕಾದ ಚಿತ್ರ, ಆವೃತ್ತಿ ಸಂಖ್ಯೆ, ಇಷ್ಟನ್ನು ಸೇರಿಸಿ ಪ್ರತ್ಯೇಕ ವರದಿ ಕೊಡಬೇಕು. ಆ ವರದಿಯಲ್ಲಿ ಬಾವಿಯ ಮಾತೇ ಬರಬಾರದು. ಕನ್ನಡ ಓದಲು ಬಾರದ ಮೇಂಟೇನರ್‌ಗೆ ಯಾವುದು ತಪ್ಪು ಎಂದು ತಿಳಿಯುವುದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ.

ಪ್ಯಾಕೇಜ್ ಕಟ್ಟುವುದು

ಉಳಿದ ಎರಡು ತುಂಡುಗಳಿಗೆ ಸಣ್ಣ ಆಕ್ಟೇವ್ ಪ್ಯಾಕೇಜ್. ತಿಂಗಳ ಮೊತ್ತ ಒಂದು ಫೈಲ್, ಗ್ರಾಫ್ ಇನ್ನೊಂದು. ಮೊದಲನೆಯದು ಎರಡನೆಯದನ್ನು ಕರೆಯಕೂಡದು, ಎರಡನೆಯದೂ ಮೊದಲನೆಯದನ್ನು ಕರೆಯದಿದ್ದರೆ ಇನ್ನೂ ಒಳ್ಳೆಯದು: ಈಗಾಗಲೇ ತಿಂಗಳ ಮಳೆಯೇ ಕೈಯಲ್ಲಿರುವವರು ನೇರ ಗ್ರಾಫಿಗೆ ಹೋಗಲಿ.

ಮೇಲಿನ ಡೈರೆಕ್ಟರಿಯಲ್ಲಿ 'ಡಿಸ್ಕ್ರಿಪ್ಶನ್' ಮತ್ತು 'ಕಾಪಿಯಿಂಗ್' ಎಂಬ ಎರಡು ಫೈಲ್ ಕಡ್ಡಾಯ. ಫಂಕ್ಷನ್‌ಗಳು 'ಇನ್‌ಸ್ಟ್' ಒಳಗೆ. ಡಿಸ್ಕ್ರಿಪ್ಶನ್‌ನಲ್ಲಿ ಹೆಸರು, ಆವೃತ್ತಿ, ದಿನಾಂಕ, ಲೇಖಕರು, ಮೇಂಟೇನರ್, ಶೀರ್ಷಿಕೆ, ವಿವರಣೆ ಇರಬೇಕು. ವಿವರಣೆ ಎರಡನೇ ಸಾಲಿಗೆ ಹೋದರೆ ಆ ಸಾಲು ಖಾಲಿ ಜಾಗದಿಂದ ಆರಂಭವಾಗಬೇಕು. 'ಇಂಡೆಕ್ಸ್' ಫೈಲ್ ಇಡದಿದ್ದರೆ ಡಿಸ್ಕ್ರಿಪ್ಶನ್‌ನಲ್ಲಿ ವರ್ಗದ ಸಾಲು ಇರಲೇಬೇಕು. ಎಲ್ಲವನ್ನೂ ಟಾರ್ ಕಟ್ಟಿ, ಜಿಜಿಪ್ ಮಾಡಿ, 'ಪಿಕೆಜಿ ಇನ್‌ಸ್ಟಾಲ್' ಕೊಟ್ಟು ಖಾಲಿ ಆಕ್ಟೇವ್‌ನಲ್ಲಿ ಪರೀಕ್ಷಿಸಬೇಕು. ಬರೆದ ಡೈರೆಕ್ಟರಿಯಲ್ಲೇ ನಿಂತು ಪರೀಕ್ಷಿಸಿದರೆ ಇನ್‌ಸ್ಟಾಲ್ ಆದದ್ದರ ಬದಲು ಅಲ್ಲಿರುವ ಫೈಲೇ ಓಡುತ್ತದೆ.

ಗ್ರಾಫ್ ಫಂಕ್ಷನ್ನಿನ ಒಳ ರಚನೆಗೆ ಕೋರ್‌ನ ರೂಢಿಯನ್ನೇ ಅನುಸರಿಸಿದರೆ ಬಳಸುವವರಿಗೆ ಅಚ್ಚರಿ ಇರುವುದಿಲ್ಲ. ಮೊದಲ ಆರ್ಗ್ಯುಮೆಂಟ್ ಅಕ್ಷವಾಗಿದ್ದರೆ ಅದರಲ್ಲಿ ಬಿಡಿಸಬೇಕು, ಇಲ್ಲದಿದ್ದರೆ 'ನ್ಯೂಪ್ಲಾಟ್' ಕರೆಯಬೇಕು. ಕರೆಯುವ ಮೊದಲು ಯಾವ ಫಿಗರ್ ಎದುರಿಗಿತ್ತೋ ಅದನ್ನು 'ಅನ್‌ವೈಂಡ್ ಪ್ರೊಟೆಕ್ಟ್' ಒಳಗೆ ಇಟ್ಟು, ನಡುವೆ ಎರರ್ ಬಂದರೂ ಮತ್ತೆ ಎದುರಿಗೆ ತರಬೇಕು. ಹ್ಯಾಂಡಲ್‌ಗಳನ್ನು, ಅಂದರೆ ಬಿಡಿಸಿದ ಗೆರೆ, ಅಕ್ಷಗಳನ್ನು ಆಮೇಲೆ ಬದಲಿಸಲು ಬೇಕಾದ ಹಿಡಿಗಳನ್ನು, ಕೇಳಿದಾಗ ಮಾತ್ರ ವಾಪಸ್ ಕೊಡಬೇಕು. ಕೆರೆಗೆ ನೀರು ಬಂದ ದಿನಕ್ಕೊಂದು ಲಂಬ ಗೆರೆ ಬೇಕೆನ್ನುವವರು ಆ ಹ್ಯಾಂಡಲ್ ಹಿಡಿದು ತಾವೇ ಎಳೆದುಕೊಳ್ಳಲಿ, ಅದಕ್ಕೊಂದು ಆಯ್ಕೆ ಸೇರಿಸಲು ಹೋದರೆ ಆಯ್ಕೆಗಳಿಗೆ ಕೊನೆಯಿಲ್ಲ. ಅಡಿಯ ಲೆಕ್ಕ ಮಾತ್ರ ಬೇಕೇ ಬೇಕು. ಇಲ್ಲಿ ಬೋರ್ ಕೊರೆಸಿದವರು ಸಾವಿರದ ಇನ್ನೂರು ಅಡಿ ಎನ್ನುತ್ತಾರೆಯೇ ಹೊರತು 366 ಮೀಟರ್ ಎನ್ನುವುದಿಲ್ಲ. ಒಳಗೆಲ್ಲ ಮೀಟರ್ ಇಟ್ಟು, ಅಕ್ಷದ ಬರಹದಲ್ಲಿ ಮಾತ್ರ 3.28ರಿಂದ ಗುಣಿಸುವುದು ಸುರಕ್ಷಿತ.

ಪರೀಕ್ಷೆಗೆ ಚಿತ್ರಗಳನ್ನು ಹೋಲಿಸಲು ಹೋಗಬೇಡಿ. ಮ್ಯಾಟ್‌ಪ್ಲಾಟ್‌ಲಿಬ್‌ನವರು ಮಾದರಿ ಚಿತ್ರಗಳ ಜೊತೆ ಹೋಲಿಸುತ್ತಾರೆ ನಿಜ, ಆದರೆ ಫಾಂಟ್ ಆವೃತ್ತಿ ಬದಲಾದರೂ ಚಿತ್ರ ಬದಲಾಗುವುದರಿಂದ ಪಠ್ಯವನ್ನೇ ತೆಗೆದು ಹೋಲಿಸುವ ಸೌಲಭ್ಯ ಅವರೇ ಇಟ್ಟಿದ್ದಾರೆ. ಸಣ್ಣ ಪ್ಯಾಕೇಜಿಗೆ ಗುಣಗಳ ಪರೀಕ್ಷೆ ಸಾಕು. ಕಾಣದ ಫಿಗರ್ ತೆರೆದು, ಗರಿಷ್ಠ ಆಳ 30 ಕೊಟ್ಟಾಗ ಮಿತಿ ಮೈನಸ್ 15ರಿಂದ 30 ಇದೆಯೇ, ಎರಡೂ ಅಕ್ಷದ ವೈಡಿರ್ ರಿವರ್ಸ್ ಆಗಿದೆಯೇ, ಒಣ ದಿನದಲ್ಲಿ ಗೆರೆಯ ದತ್ತಾಂಶ ನ್ಯಾನ್ ಆಗಿದೆಯೇ ಎಂದು ಕೇಳಿ, ಕೊನೆಗೆ ಫಿಗರ್ ಮುಚ್ಚಬೇಕು. ಎಲ್ಲ ಬೆಲೆಗಳೂ ನ್ಯಾನ್ ಇರುವ ಬಾವಿ, ಒಂದೇ ಅಳತೆ ಇರುವ ಬಾವಿ, ಮಳೆಯೇ ಇಲ್ಲದ ಅವಧಿ ಇವನ್ನೂ ಸೇರಿಸಿ. ಮಳೆಯಿಲ್ಲದಾಗ ಗರಿಷ್ಠ 0 ಆಗಿ ಅಕ್ಷದ ಮಿತಿ 0ಯಿಂದ 0 ಆಗುತ್ತದೆ, ಅಲ್ಲಿ ಎರರ್ ಬರಬಹುದು. ಅಂಥ ಸಂದರ್ಭದಲ್ಲಿ ಗರಿಷ್ಠವನ್ನು 1 ಎಂದು ಹಿಡಿಯಬೇಕು. ಕಣ್ಣಿಂದ ನೋಡಲು 'ಡೆಮೊ' ಭಾಗದಲ್ಲಿ ಎರಡು ಉದಾಹರಣೆ ಇರಲಿ, ಒಂದು ಆಳದ ಬಾವಿಯದು, ಒಂದು ಕೆರೆ ಪಕ್ಕದ್ದು.

ಆಕ್ಟೇವ್‌ನ ಪ್ಯಾಕೇಜ್ ಸೂಚಿಗೆ ಸೇರಿಸುವುದು ಒಂದು ಯಾಮಲ್ ಫೈಲಿನ (ಸರಳ ಪಠ್ಯದ ವಿವರಪಟ್ಟಿ) ಕೆಲಸ: ಆವೃತ್ತಿ, ದಿನಾಂಕ, ಟಾರ್ ಫೈಲಿನ ವಿಳಾಸ, ಅದರ ಎಸ್‌ಎಚ್‌ಎ-256 ಮೊತ್ತ (ಫೈಲ್ ಬದಲಾಗಿಲ್ಲ ಎಂದು ತಾಳೆ ನೋಡುವ ಗುರುತು), ಯಾವ ಆಕ್ಟೇವ್ ಆವೃತ್ತಿಯಿಂದ ಮೇಲೆ ಓಡುತ್ತದೆ ಎಂಬುದು. ಕೋಡ್ ಇಟ್ಟ ತಾಣ ತಾನಾಗಿ ಕಟ್ಟಿಕೊಡುವ ಆರ್ಕೈವ್‌ನ ವಿಳಾಸ ಕೊಡಬೇಡಿ. ಅದನ್ನು ಪ್ರತಿ ಸಲ ಹೊಸದಾಗಿ ಕಟ್ಟುವುದರಿಂದ ಒಳಗಿನ ಫೈಲುಗಳು ಅವೇ ಇದ್ದರೂ ಮೊತ್ತ ಬದಲಾಗಬಹುದು, ಆಗ ಇನ್‌ಸ್ಟಾಲ್ ನಿಲ್ಲುತ್ತದೆ. ನೀವೇ ಕಟ್ಟಿದ ಟಾರ್ ಫೈಲನ್ನು ಬಿಡುಗಡೆಯ ಜೊತೆ ಏರಿಸಿ, ಅದರ ವಿಳಾಸವನ್ನೇ ಕೊಡಿ.